ಪಶುಗಳ ಸಾಂಕ್ರಾಮಿಕ ರೋಗಗಳಲ್ಲಿ ಪಿಎಚ್‌.ಡಿ.: ಸಂಸ್ಥೆಗಿಂತ ಮೊದಲು ಪ್ರಶ್ನೆ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವಳು. ಪಶುವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ವಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಸದ್ಯ ಪಶು ಚಿಕಿತ್ಸಾಲಯವೊಂದರಲ್ಲಿ ಗುತ್ತಿಗೆ ಆಧಾರದ ಮೇಲೆ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಊರಿನ ಸುತ್ತ ಕುರಿಗಳು ಮೂತಿ ಊದಿ, ಕುಂಟುತ್ತ, ಮೇವು ಬಿಟ್ಟು ಸತ್ತವು. ಲಸಿಕೆ ಹಾಕಿಸಿದ್ದರೂ ಹಿರೇಬೇನೆ ಬಂತೆಂದು ಕುರಿಗಾರರು ನಮ್ಮನ್ನೇ ಬೈದರು. ಆಗಿನಿಂದ ಸಾಂಕ್ರಾಮಿಕ ರೋಗಗಳಲ್ಲೇ ಪಿಎಚ್‌.ಡಿ. ಮಾಡಬೇಕೆಂಬ ಆಸೆ. ಯಾವ ಸಂಸ್ಥೆ ಒಳ್ಳೆಯದು, ಯಾವ ವಿಭಾಗ ಸೇರಬೇಕು, ಫೆಲೋಶಿಪ್‌ನಲ್ಲಿ ಜೀವನ ನಡೆಯುತ್ತದೆಯೇ, ವಿದೇಶಕ್ಕೆ ಪ್ರಯತ್ನಿಸಬೇಕೇ, ಮುಗಿದ ಮೇಲೆ ಕೆಲಸ ಸಿಗುತ್ತದೆಯೇ? ‘ಇನ್ನೂ ಎಷ್ಟು ವರ್ಷ ಓದ್ತಿ’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಉತ್ತರ: ನೀವು ಕೇಳಿದ ಐದರಲ್ಲಿ ಸಂಸ್ಥೆಯ ವಿಷಯ ಮೊದಲು ಬಂದಿದೆ. ಬೆಳಗಾವಿಯಲ್ಲಿ ನನ್ನ ಬಳಿ ಸಲಹೆ ಕೇಳಿ ಬರುವ ತರುಣ ಪಶುವೈದ್ಯರಲ್ಲಿ ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ನಾನು ಅದನ್ನು ಹಿಂದಕ್ಕೆ ಸರಿಸಿ, ನಿಮ್ಮ ಪತ್ರದ ನಡುವೆ ನೀವು ಬೇರೇನೋ ಹೇಳಲು ಹೋಗಿ ಬರೆದುಬಿಟ್ಟ ಒಂದು ಸಂಗತಿಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಲಸಿಕೆ ಹಾಕಿಸಿದ ಕುರಿಗಳಿಗೇ ಹಿರೇಬೇನೆ ಬಂತು ಎಂದು ಕುರಿಗಾರರು ಹೇಳಿದರು, ಅದು ಹಿರೇಬೇನೆ ಹೌದೋ ಅಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಿ ನೋಡಲಿಲ್ಲ.

ಪತ್ರ ಓದಿ ರೋಗ ಹೇಳುವುದು ಸಲ್ಲದು. ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿ. ಹಿರೇಬೇನೆ ಎಂದು ನಾವು ಕರೆಯುವ ಪಿ.ಪಿ.ಆರ್. ರೋಗದಲ್ಲಿ ಜ್ವರ, ಕಣ್ಣು ಮೂಗುಗಳಿಂದ ಸೋರುವುದು, ಬಾಯಿಹುಣ್ಣು, ಭೇದಿ, ನ್ಯುಮೋನಿಯಾ ಮುಖ್ಯ; ಕುಂಟುವುದು ಅದರ ಗುರುತಲ್ಲ. ಮೂತಿ, ತುಟಿ, ಕಿವಿಗಳು ಊದಿಕೊಂಡು, ಗೊರಸಿನ ಮೇಲಂಚು ಕೆಂಪಾಗಿ ಕುರಿ ಕುಂಟತೊಡಗಿದರೆ, ಅದೂ ಮಳೆಗಾಲದ ಕೊನೆಯಲ್ಲಾದರೆ, ಅನುಭವಿ ವೈದ್ಯರು ಮೊದಲು ನೆನೆಯುವುದು ನೀಲಿ ನಾಲಿಗೆ ರೋಗವನ್ನು. ನಾಲಿಗೆ ನೀಲಿಯಾಗುವುದು ಅಪರೂಪ. ಆ ಹೆಸರೇ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಕಾಲುಬಾಯಿ ಬೇನೆಯನ್ನೂ ಪಟ್ಟಿಯಿಂದ ತೆಗೆಯುವಂತಿಲ್ಲ, ಆದರೆ ಬೆಳೆದ ಕುರಿಗಳು ಅದರಿಂದ ಸಾಯುವುದು ಕಡಿಮೆ. ಪಿ.ಪಿ.ಆರ್. ಲಸಿಕೆ ಒಮ್ಮೆ ಸರಿಯಾಗಿ ಹಾಕಿದರೆ ಕನಿಷ್ಠ ಮೂರು ವರ್ಷ ರಕ್ಷಣೆ ಕೊಡುತ್ತದೆ, ನೀಲಿ ನಾಲಿಗೆ ರೋಗಕ್ಕೆ ಅದರಿಂದ ಏನೂ ಆಗದು. ಆದ್ದರಿಂದ ನಿಮ್ಮ ಊರಿನಲ್ಲಿ ಲಸಿಕೆ ಸೋತಿತೋ, ಲಸಿಕೆಗೆ ಸಂಬಂಧವೇ ಇಲ್ಲದ ಬೇರೆ ರೋಗ ಬಂದಿತೋ, ಅಥವಾ ಲಸಿಕೆಯೇ ತಂಪು ಕಳೆದುಕೊಂಡು ಹಿಂಡನ್ನು ಮುಟ್ಟಿತೋ ಎಂಬುದು ಉತ್ತರವಿಲ್ಲದೆ ಉಳಿದಿದೆ. ಈ ಮೂರರಲ್ಲಿ ಯಾವುದನ್ನು ಹಿಡಿದರೂ ಒಂದು ಪಿಎಚ್‌.ಡಿ. ಆಗುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ‘ಬಾಗಲಕೋಟೆ ಜಿಲ್ಲೆಯ ಕುರಿಗಳಲ್ಲಿ ನೀಲಿ ನಾಲಿಗೆ ರೋಗ’ ಎಂಬುದು ಒಂದು ಶೀರ್ಷಿಕೆ ಮಾತ್ರ, ಅದರಲ್ಲಿ ಪ್ರಶ್ನೆ ಇಲ್ಲ. ಈ ರೋಗವನ್ನು ಹರಡುವುದು ಕ್ಯುಲಿಕಾಯ್ಡ್ಸ್ ಎಂಬ, ಒಂದರಿಂದ ಮೂರು ಮಿಲಿಮೀಟರ್ ಉದ್ದದ ಕಚ್ಚುವ ನುಸಿ. ಅದರ ಹಲವು ಪ್ರಭೇದಗಳು ಸೆಗಣಿ ಬೆರೆತ ಹಸಿ ಕೆಸರಿನಲ್ಲಿ ಮರಿ ಮಾಡುತ್ತವೆ. ಕಬ್ಬು ಬೆಳೆಯುವ ಜಮಖಂಡಿ, ಮುಧೋಳದ ನೀರಾವರಿ ಪಟ್ಟಿಯಲ್ಲಿ ಇಂಥ ಕೆಸರು ವರ್ಷದ ಬಹುಪಾಲು ಇರುತ್ತದೆ. ಹುನಗುಂದದ ಒಣ ಎರೆ ಭೂಮಿಯಲ್ಲಿ ಮಳೆಯ ನಾಲ್ಕು ತಿಂಗಳು ಮಾತ್ರ. ಹಾಗಾದರೆ ನೀರಾವರಿ ಊರುಗಳಲ್ಲಿ ನುಸಿಯ ಕಾಲ ಉದ್ದವಾಗಿದೆಯೇ, ಅಲ್ಲಿನ ಮರಿಗಳಿಗೆ ಸೋಂಕು ಬೇಗ ತಗಲುತ್ತದೆಯೇ ಎಂದು ಕೇಳಿದರೆ, ಅದನ್ನು ಅಳೆಯಬಹುದು. ರಾತ್ರಿ ದೀಪದ ಬಲೆ ಇಟ್ಟು ನುಸಿಗಳನ್ನು ಎಣಿಸಬಹುದು, ತಿಂಗಳಿಗೊಮ್ಮೆ ಅದೇ ಮರಿಗಳ ರಕ್ತ ನೋಡಬಹುದು. ಇದರಲ್ಲೂ ಒಂದು ತೊಡಕಿದೆ. ನಮ್ಮ ಕುರಿಗಾರರ ಹಿಂಡುಗಳು ಒಂದೆಡೆ ನಿಲ್ಲುವುದಿಲ್ಲ. ಇಂದು ಒಣಭೂಮಿಯಲ್ಲಿ ಮೇಯ್ದ ಹಿಂಡು ಸುಗ್ಗಿಯ ನಂತರ ಗೊಬ್ಬರಕ್ಕೆಂದು ಕಾಲುವೆ ಪಕ್ಕದ ಹೊಲದಲ್ಲಿ ರಾತ್ರಿ ಕಳೆಯುತ್ತದೆ. ಹಿಂಡಿನ ದಾರಿಯನ್ನು ಬರೆದಿಡದೆ ಊರಿನ ಹೆಸರಿನ ಮೇಲೆ ಲೆಕ್ಕ ಹಾಕಿದರೆ ಮೂರು ವರ್ಷದ ಕೆಲಸ ಅರ್ಥಹೀನವಾಗುತ್ತದೆ. ಇಂಥ ಮಾತನ್ನು ಬೆಂಗಳೂರಿನಲ್ಲಿಯೋ ಬರೇಲಿಯಲ್ಲಿಯೋ ಕುಳಿತ ವಿದ್ಯಾರ್ಥಿಗೆ ಯಾರಾದರೂ ಹೇಳಿಕೊಡಬೇಕು, ನಿಮಗೆ ಅದು ಚಿಕ್ಕಂದಿನಿಂದ ಗೊತ್ತು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ, ದೇಶದಲ್ಲಿ ತೆಲಂಗಾಣ ಮತ್ತು ಆಂಧ್ರದ ನಂತರ ನಮ್ಮದೇ ಸ್ಥಾನ. ಮಾದರಿಗಳಿಗಾಗಿ ನೀವು ದೂರ ಹೋಗಬೇಕಾಗಿಲ್ಲ.

ಪ್ರಶ್ನೆ ಆರಿಸುವಾಗ ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಮೊದಲೇ ತಿಳಿದಿರಬೇಕು. ಪಿ.ಪಿ.ಆರ್. ಬಗ್ಗೆ ಕೆಲಸ ಮಾಡಬಯಸುವವರು ಮೇಲಿಂದ ಮೇಲೆ ಎಡವುವುದು ಇಲ್ಲಿಯೇ. ಈಗ ಬಳಕೆಯಲ್ಲಿರುವ ಜೀವಂತ ಲಸಿಕೆ ಹಾಕಿಸಿಕೊಂಡ ಕುರಿಯ ರಕ್ತದಲ್ಲಿರುವ ಪ್ರತಿಕಾಯವನ್ನೂ ರೋಗ ಬಂದು ವಾಸಿಯಾದ ಕುರಿಯ ಪ್ರತಿಕಾಯವನ್ನೂ ಸಾಮಾನ್ಯ ಎಲೈಸಾ ಪರೀಕ್ಷೆ ಬೇರ್ಪಡಿಸಿ ತೋರಿಸಲಾರದು. ಲಸಿಕಾ ಅಭಿಯಾನ ಮುಗಿದ ತಾಲ್ಲೂಕಿನಲ್ಲಿ ಸಾವಿರ ಕುರಿಗಳ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಸಂಗ್ರಹಿಸಿ ‘ಶೇಕಡಾ ಇಷ್ಟು ಕುರಿಗಳಿಗೆ ಸೋಂಕು ತಗಲಿದೆ’ ಎಂದು ಬರೆದ ಪ್ರಬಂಧವನ್ನು ಪರೀಕ್ಷಕನಾಗಿ ನಾನು ಹಿಂದಿರುಗಿಸಿದ್ದುಂಟು. ಕಾಲುಬಾಯಿ ಬೇನೆಯಲ್ಲಿ ಸ್ಥಿತಿ ಬೇರೆ. ಅಲ್ಲಿ ವೈರಸ್ ಜೀವಕೋಶದೊಳಗೆ ವೃದ್ಧಿಯಾಗುವಾಗ ಮಾತ್ರ ಉಂಟಾಗುವ ಪ್ರೋಟೀನುಗಳ ವಿರುದ್ಧದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ ಇದೆ. ಶುದ್ಧೀಕರಿಸಿದ ಮೃತ ಲಸಿಕೆಯಿಂದ ಅದು ಹುಟ್ಟುವುದಿಲ್ಲವಾದ್ದರಿಂದ, ಲಸಿಕೆ ಮತ್ತು ಸೋಂಕನ್ನು ಬಿಡಿಸಿ ನೋಡಬಹುದು. ಕಂದು ರೋಗದಲ್ಲಿ, ಎಂದರೆ ಬ್ರುಸೆಲ್ಲೋಸಿಸ್‌ನಲ್ಲಿ, ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಲಸಿಕೆ ಹಾಕುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು; ಆ ವಯಸ್ಸಿನಲ್ಲಿ ಹಾಕಿದರೆ ದನ ಬೆಳೆಯುವ ವೇಳೆಗೆ ಲಸಿಕೆಯ ಪ್ರತಿಕಾಯ ಇಳಿದಿರುತ್ತದೆ, ಪರೀಕ್ಷೆಗೆ ಗೊಂದಲವಾಗುವುದಿಲ್ಲ.

ಮಾದರಿಗಳ ಎಣಿಕೆಯ ಬಗ್ಗೆಯೂ ಒಂದು ಮಾತು. ಒಂದೇ ಹಿಂಡಿನ ಕುರಿಗಳು ಒಂದೇ ಕೆರೆಯ ನೀರು ಕುಡಿದು, ಒಂದೇ ನುಸಿಯಿಂದ ಕಚ್ಚಿಸಿಕೊಂಡು, ಒಂದೇ ದಿನ ಲಸಿಕೆ ಪಡೆದಿರುತ್ತವೆ. ಅವುಗಳ ಫಲಿತಾಂಶವೂ ಒಂದನ್ನೊಂದು ಹೋಲುತ್ತದೆ. ಹತ್ತು ಹಿಂಡುಗಳಿಂದ ನಲವತ್ತರಂತೆ ತೆಗೆದ ನಾನೂರು ಮಾದರಿಗಳಿಗಿಂತ ನಲವತ್ತು ಹಿಂಡುಗಳಿಂದ ಹತ್ತರಂತೆ ತೆಗೆದ ನಾನೂರು ಮಾದರಿಗಳು ಹೆಚ್ಚು ಸಂಗತಿ ಹೇಳುತ್ತವೆ. ಓಡಾಟವೂ ಅಷ್ಟೇ ಹೆಚ್ಚು. ಸಂಖ್ಯಾಶಾಸ್ತ್ರ ಬಲ್ಲವರೊಡನೆ ಮೊದಲ ಸಿರಿಂಜ್ ಒಡೆಯುವ ಮುನ್ನವೇ ಕುಳಿತು ಮಾತಾಡಿ.

ಈಗ ನನ್ನದೇ ಒಂದು ತಪ್ಪು. ಪಿಎಚ್‌.ಡಿ.ಯ ಮೊದಲ ವರ್ಷ, ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎರಡು ದಿನ ರೈತರನ್ನು ಕಾಡಿ ಬೇಡಿ ಅರವತ್ತೆರಡು ದನಗಳ ರಕ್ತ ತೆಗೆದು, ಸೀರಂ ಬೇರ್ಪಡಿಸಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ ರಾತ್ರಿ ಬಸ್ಸು ಹತ್ತಿದೆ. ಐಸನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದ್ದೆ; ನಡುರಾತ್ರಿ ಎಲ್ಲೋ ಗಂಟು ಸಡಿಲಾಗಿದೆ. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಮುಚ್ಚಳ ತೆಗೆದರೆ, ನಾಲ್ಕು ಬೆರಳು ನೀರಿನಲ್ಲಿ ಕಾಗದದ ಚೀಟಿಗಳು ತೇಲುತ್ತಿದ್ದವು, ಬಾಲ್‌ಪೆನ್ನಿನ ಶಾಯಿ ಹರಡಿ ನೀರು ತಿಳಿನೀಲಿಯಾಗಿತ್ತು. ಅರವತ್ತೆರಡು ಕೊಳವೆಗಳಲ್ಲೂ ಒಂದೇ ಬಣ್ಣದ ಸೀರಂ. ಯಾವುದು ಯಾವ ಊರಿನ ದನದ್ದೆಂದು ಹೇಳುವ ಒಂದು ಅಕ್ಷರವೂ ಉಳಿದಿರಲಿಲ್ಲ, ಎಲ್ಲವನ್ನೂ ಆಟೊಕ್ಲೇವ್‌ಗೆ ಹಾಕಬೇಕಾಯಿತು. ಆಮೇಲೆ ನಾನು ಬಟ್ಟೆಯ ಪ್ಲಾಸ್ಟರ್ ತುಂಡಿನ ಮೇಲೆ ಸೀಸದ ಕಡ್ಡಿಯಿಂದ ಬರೆದು ಕೊಳವೆಗೆ ಅಂಟಿಸಿ, ಅದೇ ಸಂಖ್ಯೆಯನ್ನು ಮುಚ್ಚಳದ ಮೇಲೂ ಬರೆಯತೊಡಗಿದೆ. ಸೀಸದ ಕಡ್ಡಿಯ ಬರಹ ನೀರಿಗೂ ಸ್ಪಿರಿಟ್‌ಗೂ ಅಳಿಯುವುದಿಲ್ಲ. ಇನ್ನೊಂದು, ತೆಗೆದ ರಕ್ತವನ್ನು ಹೆಪ್ಪುಗಟ್ಟುವ ಮುನ್ನ ನೇರವಾಗಿ ಐಸ್ ಮೇಲೆ ಇಟ್ಟರೆ ಕಣಗಳು ಒಡೆದು ಸೀರಂ ಕೆಂಪಾಗುತ್ತದೆ. ನೀಲಿ ನಾಲಿಗೆ ರೋಗದ ವೈರಸ್ಸನ್ನು ಬೆಳೆಸಿ ನೋಡಬೇಕೆಂದರೆ ಇ.ಡಿ.ಟಿ.ಎ. ಬೆರೆಸಿದ ರಕ್ತವನ್ನು ಹೆಪ್ಪುಗಟ್ಟಲು ಬಿಡದೆ, ಫ್ರೀಜರ್‌ಗೂ ಹಾಕದೆ, ನಾಲ್ಕು ಡಿಗ್ರಿ ತಂಪಿನಲ್ಲಿ ಇಡಬೇಕು.

ಮರಣೋತ್ತರ ಮಾದರಿಗಳ ವಿಷಯದಲ್ಲಿ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಗಳಲೆ ರೋಗದಿಂದ ಸತ್ತ ಎಮ್ಮೆಯನ್ನು ನೀವು ತಲುಪುವ ಹೊತ್ತಿಗೆ ಬಿಸಿಲಿಗೆ ಒಳಾಂಗಗಳು ಕೆಟ್ಟಿದ್ದರೂ, ಮಾಂಸ ಬಿಡಿಸಿದ ಒಂದು ಉದ್ದ ಎಲುಬನ್ನು ಕಳಿಸಿದರೆ ಅದರ ಮಜ್ಜೆಯಲ್ಲಿ ಆ ರೋಗದ ಬ್ಯಾಕ್ಟೀರಿಯಾ ಪಾಶ್ಚುರೆಲ್ಲ ಸಿಗುವ ಸಾಧ್ಯತೆ ಇನ್ನೂ ಇರುತ್ತದೆ. ಆದರೆ ದನವೋ ಕುರಿಯೋ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಚಾಕು ತೆಗೆಯಲೇಬೇಡಿ. ನೆರಡಿ ರೋಗದ, ಎಂದರೆ ಆಂಥ್ರಾಕ್ಸ್‌ನ, ಶಂಕೆಯಿದ್ದಲ್ಲಿ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿದರೆ ಸಾಕು. ಹೆಣ ಕೊಯ್ದರೆ ಗಾಳಿ ತಾಗಿ ಬೀಜಾಣುಗಳು ಹುಟ್ಟುತ್ತವೆ, ಆ ನೆಲದಲ್ಲಿ ದಶಕಗಳ ಕಾಲ ಉಳಿಯುತ್ತವೆ.

ಅಪಾಯದ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ನೀವು ಕೆಲಸ ಮಾಡುವ ರೋಗಾಣುಗಳಲ್ಲಿ ಕೆಲವು ನಿಮ್ಮನ್ನೂ ಹಿಡಿಯುತ್ತವೆ. ಗರ್ಭ ಹಾಕಿದ ಎಮ್ಮೆಯ ಸತ್ತೆಯನ್ನು ಬರಿಗೈಯಿಂದ ತೆಗೆದು ತಿಂಗಳುಗಟ್ಟಲೆ ಬಂದುಹೋಗುವ ಜ್ವರ, ಬೆನ್ನುನೋವು, ಕೀಲುನೋವುಗಳಿಂದ ನರಳಿದ ಪಶುವೈದ್ಯರು ನಮ್ಮ ಭಾಗದಲ್ಲಿ ಅಪರೂಪವಲ್ಲ. ಕಂದು ರೋಗಕ್ಕೆ ಹಾಕುವ ಎಸ್‌-19 ಲಸಿಕೆಯೂ ಜೀವಂತವಾದದ್ದು; ಸೂಜಿ ಚುಚ್ಚಿಕೊಂಡರೂ, ಕಣ್ಣಿಗೆ ಸಿಡಿದರೂ ಅದೇ ದಿನ ವೈದ್ಯರನ್ನು ಕಾಣಬೇಕು. ಬ್ರುಸೆಲ್ಲವನ್ನು ಬೆಳೆಸುವ ಕೆಲಸ ಮೂರನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯದಲ್ಲಿ ಆಗಬೇಕಾದದ್ದು. ಆ ಸೌಲಭ್ಯವಿಲ್ಲದ ಕಡೆ ‘ಹೇಗೋ ಮಾಡೋಣ’ ಎನ್ನುವ ಮಾರ್ಗದರ್ಶಕರು ಸಿಕ್ಕರೆ ವಿಷಯ ಬದಲಿಸಿ, ಇಲ್ಲವೇ ಮಾರ್ಗದರ್ಶಕರನ್ನು ಬದಲಿಸಿ. ರೇಬಿಸ್ ಲಸಿಕೆಯನ್ನು ಮುನ್ನೆಚ್ಚರಿಕೆಯಾಗಿ ಈಗಲೇ ಹಾಕಿಸಿಕೊಳ್ಳಿ.

ಇನ್ನು ವಿಭಾಗ. ‘ಸಾಂಕ್ರಾಮಿಕ ರೋಗಗಳು’ ಎಂಬ ಹೆಸರಿನ ಪಿಎಚ್‌.ಡಿ. ನಮ್ಮಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಕೆಲಸ ಸೂಕ್ಷ್ಮಜೀವಿಶಾಸ್ತ್ರ, ರೋಗಲಕ್ಷಣಶಾಸ್ತ್ರ, ಪರೋಪಜೀವಿಶಾಸ್ತ್ರ, ಸಾರ್ವಜನಿಕ ಆರೋಗ್ಯ ಮತ್ತು ಎಪಿಡೆಮಿಯಾಲಜಿ (ರೋಗ ಹರಡುವ ಬಗೆಯ ಅಧ್ಯಯನ) ವಿಭಾಗಗಳಲ್ಲಿ ಹಂಚಿಹೋಗಿದೆ. ನಿಮ್ಮ ಎಂ.ವಿ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಆಗಿರುವುದರಿಂದ ಅದೇ ವಿಭಾಗದಲ್ಲಿ ಮುಂದುವರಿಯುವುದು ಪ್ರವೇಶಕ್ಕೂ ಮುಂದಿನ ನೇಮಕಾತಿಗೂ ಅನುಕೂಲ, ಎಪಿಡೆಮಿಯಾಲಜಿಯ ಕೋರ್ಸುಗಳನ್ನು ಪೂರಕವಾಗಿ ತೆಗೆದುಕೊಳ್ಳಿ.

ಸಂಸ್ಥೆಗಳ ವಿಷಯಕ್ಕೆ ಬರೋಣ. ರಾಜ್ಯದಲ್ಲಿ ಬೀದರ್ ಕೇಂದ್ರವಾಗಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಬ್ಬಾಳ ಮತ್ತು ಬೀದರ್ ಕಾಲೇಜುಗಳಿವೆ. ನಮ್ಮ ಅಥಣಿಯ ಕಾಲೇಜು ಇನ್ನೂ ಹೊಸದು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ 1925ರಿಂದ ಲಸಿಕೆ ಮತ್ತು ರೋಗಪತ್ತೆಯ ಕೆಲಸ ಮಾಡುತ್ತಿದೆ. ಯಲಹಂಕದ ನಿವೇದಿ ಸಂಸ್ಥೆ ಪಶುರೋಗಗಳ ಎಪಿಡೆಮಿಯಾಲಜಿಗೆಂದೇ ಇರುವುದು. ಯಾವ ಜಿಲ್ಲೆಯಲ್ಲಿ ಯಾವ ರೋಗ ಕಾಣಿಸಬಹುದೆಂದು ಎರಡು ತಿಂಗಳು ಮುಂಚೆ ಅದು ಕೊಡುವ ಮುನ್ಸೂಚನೆಯನ್ನು ನಿಮ್ಮ ಚಿಕಿತ್ಸಾಲಯದಲ್ಲೂ ನೋಡಿರುತ್ತೀರಿ. ಉತ್ತರದಲ್ಲಿ ಬರೇಲಿ ಬಳಿಯ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಸ್ವತಃ ಡೀಮ್ಡ್ ವಿಶ್ವವಿದ್ಯಾಲಯ. ಅದು 1889ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಪುಣೆಯಲ್ಲಿ. ದನಗಳ ದೊಡ್ಡರೋಗದಂಥ (ರಿಂಡರ್‌ಪೆಸ್ಟ್) ಬೇನೆಗಳ ಮೇಲೆ ಕೆಲಸ ಮಾಡಲು ತಂಪಾದ, ಜನವಸತಿಯಿಂದ ದೂರವಾದ ಜಾಗ ಬೇಕೆಂದು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಆ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ಅಳಿಯಿತು. ಪಿ.ಪಿ.ಆರ್. ವೈರಸ್ ಅದೇ ಕುಲದ್ದು, ಅದನ್ನು 2030ರೊಳಗೆ ಅಳಿಸುವ ಗುರಿ ಅಂತರರಾಷ್ಟ್ರೀಯ ಮಟ್ಟದಲ್ಲಿದೆ. ಹಾಗಾಗಿ ಕುರಿಗಳ ರೋಗದ ಮೇಲೆ ಕೆಲಸ ಮಾಡಲು ಇದು ಒಳ್ಳೆಯ ಕಾಲ. ಕೇಂದ್ರ ಸಂಸ್ಥೆಗಳಿಗೂ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐ.ಸಿ.ಎ.ಆರ್.) ಪಾಲಿನ ಸೀಟುಗಳಿಗೂ ಪಿಎಚ್‌.ಡಿ. ಪ್ರವೇಶ ಪರೀಕ್ಷೆ ಬರೆಯಬೇಕು; ರಾಜ್ಯದ ಸೀಟುಗಳಿಗೆ ವಿಶ್ವವಿದ್ಯಾಲಯ ಬೇರೆಯಾಗಿ ಅರ್ಜಿ ಕರೆಯುತ್ತದೆ.

ಆದರೆ ನಿಮ್ಮ ಮೂರು ನಾಲ್ಕು ವರ್ಷ ಹೇಗೆ ಕಳೆಯುತ್ತದೆಂಬುದನ್ನು ಹೆಚ್ಚಾಗಿ ತೀರ್ಮಾನಿಸುವವರು ಮಾರ್ಗದರ್ಶಕರು. ಒಪ್ಪಿಗೆ ಕೇಳುವ ಮುನ್ನ ಅವರ ಹಳೆಯ ವಿದ್ಯಾರ್ಥಿಗಳಿಬ್ಬರಿಗೆ ಫೋನ್ ಮಾಡಿ. ಎಷ್ಟು ವರ್ಷದಲ್ಲಿ ಮುಗಿಸಿದಿರಿ, ಕಿಟ್‌ಗಳ ಹಣ ಯಾವ ಯೋಜನೆಯಿಂದ ಬಂತು, ಬರೆದ ಅಧ್ಯಾಯ ಎಷ್ಟು ದಿನದಲ್ಲಿ ತಿದ್ದಿ ಹಿಂದಿರುಗುತ್ತಿತ್ತು, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್‌ಗೆ ಜನರೇಟರ್ ಇದೆಯೇ ಎಂದು ಕೇಳಿ. ಕೊನೆಯ ಪ್ರಶ್ನೆ ಕೇಳಿದರೆ ನಗುತ್ತಾರೆ, ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದಾಗ ನಗು ಬರುವುದಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ರೋಗಾಣುಗಳ ಕೆಲಸಕ್ಕೆ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಈ ಕಾಗದಪತ್ರಗಳಿಗೆ ತಿಂಗಳುಗಳು ಹಿಡಿಯುವುದರಿಂದ ಕೋರ್ಸ್‌ವರ್ಕ್ ನಡೆಯುವಾಗಲೇ ಅರ್ಜಿ ಹಾಕಿಡಿ. ಅನುಮತಿ ಬರುವಷ್ಟರಲ್ಲಿ ಮಳೆಗಾಲ ಮುಗಿದರೆ ನೀವು ಇಡೀ ಒಂದು ವರ್ಷ ಕಾಯಬೇಕು, ನುಸಿ ಕಾಯುವುದಿಲ್ಲ.

ಹಣದ ವಿಷಯ. ಸಿ.ಎಸ್‌.ಐ.ಆರ್‌., ಯು.ಜಿ.ಸಿ. ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಇಂಥದ್ದು ಕೈಯಲ್ಲಿದ್ದರೆ ಹಾಸ್ಟೆಲಿನಲ್ಲಿ ಇದ್ದುಕೊಂಡು ಮನೆಗೂ ಸ್ವಲ್ಪ ಕಳಿಸಬಹುದು. ವಿಶ್ವವಿದ್ಯಾಲಯ ತಾನೇ ಕೊಡುವ ಶಿಷ್ಯವೇತನ ಇದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಫೆಲೋಶಿಪ್ ಹಣ ಹಲವು ಬಾರಿ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬರುತ್ತದೆ. ಆರು ತಿಂಗಳ ಖರ್ಚು ಕೂಡಿಟ್ಟುಕೊಳ್ಳದೆ ಗುತ್ತಿಗೆ ಕೆಲಸ ಬಿಡಬೇಡಿ. ಫೆಲೋಶಿಪ್ ಇಲ್ಲದೆ ಸ್ವಂತ ಹಣದಲ್ಲಿ ಮಾಡುತ್ತೇನೆಂದರೆ, ಬೇಡವೆನ್ನುತ್ತೇನೆ.

ವಿದೇಶದ ಪ್ರಯತ್ನ ಮಾಡಬಹುದು. ಇಂಗ್ಲೆಂಡಿನ ಪರ್‌ಬ್ರೈಟ್ ಸಂಸ್ಥೆ ಕಾಲುಬಾಯಿ, ನೀಲಿ ನಾಲಿಗೆ, ಪಿ.ಪಿ.ಆರ್. ರೋಗಗಳಿಗೆ ಜಗತ್ತಿನ ಪ್ರಮುಖ ಪ್ರಯೋಗಾಲಯಗಳಲ್ಲಿ ಒಂದು. ಯುರೋಪಿನ ಹಲವು ದೇಶಗಳಲ್ಲಿ ಪಿಎಚ್‌.ಡಿ. ಸ್ಥಾನವನ್ನು ನೌಕರಿಯಂತೆ ಸಂಬಳದೊಡನೆ ಜಾಹೀರಾತು ಮಾಡಿ ತುಂಬುತ್ತಾರೆ. ಹಣದ ಭರವಸೆ ಇಲ್ಲದ ಪ್ರವೇಶಪತ್ರ ಬಂದರೆ ಅದನ್ನು ನಂಬಿ ಹೊಲ ಅಡವಿಡಬೇಡಿ. ಅಲ್ಲಿಗೆ ಹೋದರೆ ನಮ್ಮ ಊರಿನ ಮಾದರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ. ರೋಗಾಣು ಮತ್ತು ಜೈವಿಕ ವಸ್ತುಗಳನ್ನು ದೇಶದಿಂದ ಹೊರಗೆ ಕಳಿಸಲು ಸರ್ಕಾರದ ಅನುಮತಿ ಬೇಕು. ಇಲ್ಲಿ ಪಿಎಚ್‌.ಡಿ. ಮುಗಿಸಿ ಎರಡು ವರ್ಷದ ಮುಂದಿನ ಸಂಶೋಧನೆಗೆ ಅಲ್ಲಿಗೆ ಹೋಗುವುದು ನಿಮ್ಮ ಪ್ರಶ್ನೆಗೆ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ.

ಕೆಲಸದ ಬಗ್ಗೆ ಮನೆಯವರಿಗೆ ನಿಜವನ್ನೇ ಹೇಳಿ. ರಾಜ್ಯದ ಪಶುವೈದ್ಯಾಧಿಕಾರಿ ಹುದ್ದೆಗೆ ಬಿ.ವಿ.ಎಸ್ಸಿ. ಸಾಕು, ಅದಕ್ಕಾಗಿ ಡಾಕ್ಟರೇಟ್ ಬೇಡ. ಕಾಲೇಜಿನ ಬೋಧಕ ಹುದ್ದೆ, ಐ.ಸಿ.ಎ.ಆರ್. ಸಂಸ್ಥೆಗಳ ವಿಜ್ಞಾನಿ ಹುದ್ದೆ, ಲಸಿಕೆ ತಯಾರಿಸುವ ಕಂಪನಿಗಳ ಸಂಶೋಧನಾ ವಿಭಾಗ, ರೋಗಪತ್ತೆ ಪ್ರಯೋಗಾಲಯ, ಇವುಗಳಿಗೆ ಅದು ಬೆಲೆಯುಳ್ಳದ್ದು. ಬೋಧಕ ಹುದ್ದೆಗಳ ಅಧಿಸೂಚನೆ ವರ್ಷಗಳ ಅಂತರದಲ್ಲಿ ಬರುವುದರಿಂದ ಬೋಧಕರ ಅರ್ಹತೆಯ ನೆಟ್ ಪರೀಕ್ಷೆಯನ್ನು ಪಿಎಚ್‌.ಡಿ.ಯ ನಡುವೆಯೇ ಮುಗಿಸಿಕೊಳ್ಳಿ. ‘ಎಷ್ಟು ವರ್ಷ’ ಎಂದು ಕೇಳುವವರಿಗೆ ನಾಲ್ಕು ಎಂದು ಹೇಳಿ. ನಿಯಮದಲ್ಲಿ ಕನಿಷ್ಠ ಮೂರು ಎಂದಿದ್ದರೂ, ಹೊರಗೆ ತಿರುಗಿ ಮಾದರಿ ಸಂಗ್ರಹಿಸುವವರಿಗೆ ಅದು ಸಾಲುವುದಿಲ್ಲ.

ಅರ್ಜಿ ಹಾಕುವುದಕ್ಕೆ ಮೊದಲು ಈಗಿರುವ ಜಾಗದಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಕುರಿ ಸತ್ತರೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುವುದರಿಂದ ನಿಮ್ಮ ಚಿಕಿತ್ಸಾಲಯದಲ್ಲಿ ಆ ವರದಿಗಳ ಕಡತ ಇರಬೇಕು. ಮುಖ್ಯ ಪಶುವೈದ್ಯಾಧಿಕಾರಿಗಳ ಅನುಮತಿ ಪಡೆದು, ಕಳೆದ ಮೂರು ವರ್ಷದ ವರದಿಗಳಿಂದ ತಿಂಗಳು, ಊರು, ಕುರಿಯ ವಯಸ್ಸು, ಬರೆದಿರುವ ಲಕ್ಷಣ, ಕೊನೆಯ ಲಸಿಕೆಯ ದಿನಾಂಕಗಳನ್ನು ಒಂದು ಹಾಳೆಗೆ ಇಳಿಸಿ. ಮೂತಿ ಊತ ಮತ್ತು ಕುಂಟು ಒಟ್ಟಿಗೆ ಬರೆದಿರುವ ಸಾವುಗಳಿಗೆ ಬೇರೆ ಗುರುತು ಹಾಕಿ. ಅವು ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಗುಂಪಾಗಿ ಬಿದ್ದರೆ, ಮಾರ್ಗದರ್ಶಕರಿಗೆ ಬರೆಯುವ ಪತ್ರದೊಡನೆ ಆ ಹಾಳೆಯನ್ನೂ ಇಟ್ಟು ಕಳಿಸಿ.